ಇಂಥ ಕಾರುಗಳು ನಿಮಗೆ ಎಲ್ಲಿ ಸಿಗುತ್ತವೆ?

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮತ್ತೆ ರಸ್ತೆಗಿಳಿಸುವುದು ನನ್ನ ಹುಚ್ಚು ಎಂದು ತಿಳಿದವರೆಲ್ಲ ಕೇಳುವುದು ಇದನ್ನೇ: ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತ ಇಂಥ ಕಾರುಗಳು ಎಲ್ಲಿ ಸಿಗುತ್ತವೆ?

ಅವು ಸಿಗುವುದು ಮನುಷ್ಯರ ಬಳಿ. ಜಾಹೀರಾತು ಬರುವಷ್ಟರಲ್ಲಿ ಒಳ್ಳೆಯ ಕಾರು ಕೈ ಬದಲಿಸಿರುತ್ತದೆ. ನಿವೃತ್ತ ಮೆಕ್ಯಾನಿಕ್‌ಗಳನ್ನು, ಕೆಟ್ಟ ವಾಹನ ಎಳೆದೊಯ್ಯುವವರನ್ನು ಕೇಳಿ. ಯಾವ ಶೆಡ್ಡಿನಲ್ಲಿ ಯಾವುದು ನಿಂತಿದೆ ಎಂಬುದು ಅವರಿಗೆ ನೆನಪಿರುತ್ತದೆ. ಮಾಲೀಕರು ಮಾತ್ರ ಸಾಮಾನ್ಯವಾಗಿ "ಒಂದು ದಿನ ನಾನೇ ಸರಿಮಾಡಿಸುತ್ತೇನೆ" ಎನ್ನುತ್ತಾರೆ. ಆ ಮಾತಿಗೆ ಎದುರಾಡಬೇಡಿ. ಫೋನ್ ಸಂಖ್ಯೆ ಕೊಟ್ಟು ಬನ್ನಿ, ವರ್ಷಕ್ಕೊಮ್ಮೆ ಕ್ಷೇಮ ವಿಚಾರಿಸಿ. ಫ್ರಾನ್ಸಿನ ಉದ್ಯಮಿ ರೋಜರ್ ಬಯೋನ್ ಅವರಿಗೂ ಅದೇ ಕನಸಿತ್ತು: ಕೂಡಿಟ್ಟ ಕಾರುಗಳಿಂದ ಒಂದು ವಸ್ತುಸಂಗ್ರಹಾಲಯ. ಅದು ಆಗಲಿಲ್ಲ. ಹಳೆಯ ಪತ್ರಿಕೆಗಳ ರಾಶಿಯಡಿ ಸಿಕ್ಕ ಅವರ ಒಂದು ಫೆರಾರಿ 2015ರ ಹರಾಜಿನಲ್ಲಿ 1.6 ಕೋಟಿ ಯೂರೊ ದಾಟಿತು.

ಕಾರು ಕಂಡಾಗ ಎಂಜಿನ್ ಕಡೆಗೆ ಓಡಬೇಡಿ, ಮೊದಲು ಬಾಗಿಲು ತೆರೆದು ಮುಚ್ಚಿ. ಬ್ರಿಟನ್ನಿನ ಎಂಜಿಬಿಯಂಥ ತೆರೆದ ಕಾರಿಗೆ ಬೇರೆ ಷಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಚೌಕಟ್ಟು, ಇಲ್ಲ; ಮೇಲೆ ಛಾವಣಿಯ ಆಸರೆಯೂ ಇಲ್ಲ. ಬಾಗಿಲ ಕೆಳಗಿನ ಹೊಸ್ತಿಲಿನಂಥ ಪೆಟ್ಟಿಗೆಯೇ ಅದರ ಬೆನ್ನೆಲುಬು. ಅದು ಒಳಗಿನಿಂದ ತುಕ್ಕು ತಿಂದಿದ್ದರೆ ಕಾರು ನಡುವಿನಲ್ಲಿ ಜಗ್ಗಿ, ಬಾಗಿಲಿನ ಸಂದು ಮೇಲ್ಭಾಗದಲ್ಲಿ ಕಿರಿದಾಗುತ್ತದೆ. ಹೊಸ ಬಣ್ಣ ಇದನ್ನು ಮುಚ್ಚಲಾರದು. ಪೋರ್ಷ 914ರಲ್ಲಿ ಬ್ಯಾಟರಿಯ ಕೆಳಗೆ ಟಾರ್ಚ್ ಹಿಡಿಯಿರಿ. ಅಲ್ಲಿ ಸೋರಿದ ಆಮ್ಲ ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಲೋಹವನ್ನೇ ತಿಂದುಬಿಡುತ್ತದೆ. ಟ್ರಯಂಫ್ ಟಿಆರ್6ಕ್ಕೆ ಪ್ರತ್ಯೇಕ ಷಾಸಿ ಇರುವುದರಿಂದ ಬಾಡಿಯನ್ನು ಎತ್ತಿಟ್ಟು ಕೆಲಸ ಮಾಡಬಹುದು, ಅಷ್ಟು ಸಮಾಧಾನ.

ಎಂಜಿನ್ ಜಾಮ್ ಆಗಿದ್ದರೆ ಎದೆಗುಂದಬೇಕಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನೊಳಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೈಯಿಂದ ತಿರುಗಿಸಿ ನೋಡಿ. ದಮ್ಮಯ್ಯ, ನೇರವಾಗಿ ಸ್ಟಾರ್ಟರ್ ಮಾತ್ರ ಒತ್ತಬೇಡಿ.

ಇನ್ನು ಬಿಡಿಭಾಗಗಳಿಗಾಗಿ ಕಾರನ್ನು ಬಿಚ್ಚುವ ಮಾತು. ನೆಟ್ಟಗಿನ ಬಾಡಿ, ದಾಖಲೆಪತ್ರ ಎರಡೂ ಇರುವ ಕಾರಿಗೆ ನಾನು ಸ್ಪ್ಯಾನರ್ ಹಾಕುವುದಿಲ್ಲ, ಎಷ್ಟು ಲಾಭವಿದ್ದರೂ. ಬಾಡಿಯೇ ಕೊಳೆತುಹೋದ ಕಾರಾದರೆ ಅದು ಇನ್ನೆರಡನ್ನು ಬದುಕಿಸಬಲ್ಲದು. ಎಂಜಿಬಿಗೆ ಪೂರ್ತಿ ಹೊಸ ಬಾಡಿಯನ್ನೇ 1988ರಿಂದ ತಯಾರಿಸತೊಡಗಿದರು. ಆದರೆ ಅಪರೂಪದ ಕಾರುಗಳ ಹಿಂದಿನ ಗಾಜು, ಕ್ರೋಮ್ ಪಟ್ಟಿ, ಮೀಟರು, ಕಿಟಕಿಯ ಹಿಡಿಕೆಗಳನ್ನು ಯಾರೂ ಮತ್ತೆ ಮಾಡುವುದಿಲ್ಲ. ಹಾಗಾಗಿ ಕಾರನ್ನು ಎಳೆದು ತರುವ ದಿನ ಶೆಡ್ಡಿನ ಅಟ್ಟ, ಡಬ್ಬಗಳು, ಕಪಾಟಿನ ಹಿಂಬದಿ ಎಲ್ಲವನ್ನೂ ಮಾಲೀಕರೊಂದಿಗೆ ನಿಂತು ಹುಡುಕಿ. ಹಿಂದೆ ಯಾರೋ ಜೋಪಾನವಾಗಿ ಬಿಚ್ಚಿಟ್ಟ ಬಂಪರ್ ಅಲ್ಲೇ ಎಲ್ಲೋ ಇರುತ್ತದೆ.