ರಿಪೇರಿಯೋ ಮಾಡಿಫಿಕೇಶನ್ನೋ: ನನ್ನ ಹಳೆಯ ಎಂ5

ಇಪ್ಪತ್ತು ವರ್ಷ ದಾಟಿದ ಕಾರಿಗೆ ಯಾವುದೇ ಹೊಸ ಭಾಗ ಹಾಕುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಬೇಕಾಗುತ್ತದೆ. ಕಾರ್ಖಾನೆಯಿಂದ ಬಂದಾಗ ಇದ್ದಂಥದ್ದನ್ನೇ ಮತ್ತೆ ಹಾಕಬೇಕೇ, ಅದಕ್ಕಿಂತ ಗಟ್ಟಿಯಾದ ಅಥವಾ ಚುರುಕಾದ ಇನ್ನೊಂದನ್ನು ಹಾಕಬೇಕೇ ಎಂಬುದೇ ಆ ತೀರ್ಮಾನ. ಹೊಸ ಕಾರನ್ನು ಮಾಡಿಫೈ ಮಾಡುವವರು ಸರಿಯಾಗಿಯೇ ಇರುವ ಭಾಗವನ್ನು ತೆಗೆದು ಬೇರೆಯದನ್ನು ಕೂರಿಸುತ್ತಾರೆ. ನನ್ನಂಥವರ ಗಾಡಿಯಲ್ಲಿ ಆ ಭಾಗ ಹೇಗಿದ್ದರೂ ಆಯಸ್ಸು ಮುಗಿಸಿರುತ್ತದೆ. ಹಾಗಾಗಿ ರಿಪೇರಿ ಎಲ್ಲಿ ಮುಗಿಯಿತು, ಮಾಡಿಫಿಕೇಶನ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ನಮ್ಮ ಮಟ್ಟಿಗೆ ಕಷ್ಟದ ಕೆಲಸ. ನನ್ನ ಬಳಿ ಇರುವುದು ಬಿಎಂಡಬ್ಲ್ಯು ಎಂ5, ಎಂದರೆ ಆ ಕಂಪನಿಯ 5 ಸರಣಿಯ ಕಾರಿನ ಚುರುಕಾದ ರೂಪ; ಇ39 ಎಂಬ ಒಳಹೆಸರಿನ ತಲೆಮಾರಿನದು. ಅದರಲ್ಲಿ ಏನನ್ನು ಬದಲಿಸಿದ್ದೇನೆ, ಏನನ್ನು ಮುಟ್ಟಿಲ್ಲ, ಏಕೆ ಮುಟ್ಟಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1998ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 2003ರವರೆಗೆ ಜರ್ಮನಿಯ ಡಿಂಗಾಲ್ಫಿಂಗ್ ಕಾರ್ಖಾನೆಯಲ್ಲಿ, ಉಳಿದ 5 ಸರಣಿಯ ಕಾರುಗಳ ಸಾಲಿನಲ್ಲಿಯೇ ತಯಾರಾಯಿತು. ಹಿಂದಿನ ಎರಡು ತಲೆಮಾರಿನ ಎಂ5ಗಳಲ್ಲಿ ಇದ್ದುದು ಆರು ಸಿಲಿಂಡರಿನ ಎಂಜಿನ್. ವಿ8 ಎಂಜಿನ್ ಪಡೆದ ಮೊದಲ ಎಂ5 ಇದು. ಎಸ್62 ಎಂಬ ಆ ಎಂಜಿನ್ 4,941 ಸಿಸಿಯದು. 6,600 ಆರ್‌ಪಿಎಂನಲ್ಲಿ 400 ಅಶ್ವಶಕ್ತಿಯನ್ನೂ 3,800 ಆರ್‌ಪಿಎಂನಲ್ಲಿ 500 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಎಂಟು ಸಿಲಿಂಡರುಗಳಿಗೂ ಪ್ರತ್ಯೇಕ ಥ್ರಾಟಲ್ (ಗಾಳಿಯನ್ನು ಬೇಕಾದಷ್ಟೇ ಒಳಬಿಡುವ ಕವಾಟ) ಇದೆ, ಗೇರ್‌ಬಾಕ್ಸ್ ಆರು ಗೇರಿನ ಮ್ಯಾನ್ಯುವಲ್ ಮಾತ್ರ. ಇಷ್ಟೆಲ್ಲ ಇದ್ದೂ ಹೊರನೋಟಕ್ಕೆ ಅದು ಆಫೀಸಿಗೆ ಹೋಗಿಬರುವ ಮರ್ಯಾದಸ್ಥ ಸೆಡಾನಿನಂತೆಯೇ ಕಾಣುತ್ತದೆ. ಹಿಂದಿನ ನಾಲ್ಕು ಸೈಲೆನ್ಸರ್ ಕೊಳವೆಗಳನ್ನು ಗಮನಿಸುವವರು ಗಮನಿಸುತ್ತಾರೆ, ಉಳಿದವರು ಸುಮ್ಮನೆ ಹೋಗುತ್ತಾರೆ. ಈ ಗುಣವನ್ನು ಕೆಡಿಸುವ ಯಾವ ಬದಲಾವಣೆಯೂ ಬೇಡ ಎಂಬುದು ಮೊದಲಿನಿಂದಲೂ ನನ್ನ ನಿಲುವು. ದೊಡ್ಡ ಸ್ಪಾಯ್ಲರ್ ಬೇಕೆನ್ನುವವರಿಗೆ ಬೇರೆ ಕಾರುಗಳಿವೆ.

ಇಂಥ ಕಾರನ್ನು ಕೊಂಡವರು ಮೊದಲು ಶಕ್ತಿ ಹೆಚ್ಚಿಸುವ ಮಾತನಾಡುತ್ತಾರೆ. ನಾನಾದರೆ ಮೊದಲು ನೀರಿನ ಕಡೆ ನೋಡಿ ಎನ್ನುತ್ತೇನೆ. ಈ ಕಾಲದ ಜರ್ಮನ್ ಕಾರುಗಳ ಕೂಲಿಂಗ್ ವ್ಯವಸ್ಥೆಯಲ್ಲಿ ಪ್ಲಾಸ್ಟಿಕ್ ಬಹಳ. ರೇಡಿಯೇಟರಿನ ಪಕ್ಕದ ತೊಟ್ಟಿಗಳು, ಹೋಸ್ ಕೂರುವ ಕುತ್ತಿಗೆಗಳು, ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಎಲ್ಲವೂ ವರ್ಷಗಟ್ಟಲೆ ಕಾದು ತಣಿದು, ಕೊನೆಗೆ ಹಪ್ಪಳದಂತೆ ಮುರಿಯುತ್ತವೆ. ಇವು ಹೋಗುವ ಮುನ್ನ ಎಚ್ಚರಿಕೆ ಕೊಡುವುದು ಕಡಿಮೆ, ಮೀಟರನ್ನು ನಂಬಿ ಕೂರುವಂತೆಯೂ ಇಲ್ಲ. ಏಕೆಂದರೆ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳನ್ನು ಚಾಲಕನಿಗೆ ಗಾಬರಿಯಾಗದಿರಲೆಂದು ನಡುವಿನಲ್ಲಿಯೇ ನಿಲ್ಲುವಂತೆ ಮಾಡಲಾಗಿದೆ. ಕೂಲಂಟ್ (ಎಂಜಿನನ್ನು ತಣಿಸುವ ದ್ರವ) ಹಲವು ಡಿಗ್ರಿ ಏರಿದರೂ ಇಳಿದರೂ ಅದು ಕದಲುವುದಿಲ್ಲ, ಕದಲುವ ಹೊತ್ತಿಗೆ ಸಮಯ ಮೀರಿರುತ್ತದೆ. ನಿಜವಾದ ಅಂಕಿ ಬೇಕಾದರೆ ಮೀಟರಿನೊಳಗೆ ಅಡಗಿರುವ ಪರೀಕ್ಷಾ ಮೆನುವನ್ನು ತೆರೆಯಬೇಕು. ಚಾಸಿ ನಂಬರಿನ ಕೊನೆಯ ಐದು ಅಂಕಿಗಳನ್ನು ಕೂಡಿದರೆ ಬರುವ ಸಂಖ್ಯೆಯೇ ಅದರ ಬೀಗದ ಕೈ. ಅದನ್ನು ಕೊಟ್ಟು ಏಳನೆಯ ಪರೀಕ್ಷೆಗೆ ಹೋದರೆ ಕೂಲಂಟಿನ ಉಷ್ಣತೆ ಡಿಗ್ರಿಗಳಲ್ಲಿಯೇ ಕಾಣಿಸುತ್ತದೆ. ಕಡಿದಾದ ಏರುರಸ್ತೆಯಲ್ಲಿ ನಾನು ಆ ಅಂಕಿಯನ್ನು ತೆರೆದಿಟ್ಟುಕೊಂಡೇ ಓಡಿಸುತ್ತೇನೆ.

ಕೂಲಿಂಗಿನ ವಿಷಯದಲ್ಲಿ ನನ್ನ ತೀರ್ಮಾನ ಸರಳವಾಗಿತ್ತು: ರೇಡಿಯೇಟರ್, ಟ್ಯಾಂಕ್, ಹೋಸುಗಳು, ಥರ್ಮೋಸ್ಟಾಟ್, ನೀರಿನ ಪಂಪು, ಫ್ಯಾನ್ ಕ್ಲಚ್ಚು, ಎಲ್ಲವನ್ನೂ ಮೂಲದಲ್ಲಿದ್ದ ಬಗೆಯವನ್ನೇ ಒಟ್ಟಿಗೆ ಹಾಕಿಸಿದೆ. ಇಡೀ ರೇಡಿಯೇಟರನ್ನು ಅಲ್ಯುಮಿನಿಯಮ್ಮಿನದಾಗಿಸುವವರೂ ಇದ್ದಾರೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಾದರೆ ಅದಕ್ಕೆ ಅರ್ಥವಿದೆ; ರಸ್ತೆಯಲ್ಲಿ ಓಡುವ ಕಾರಿಗೆ ಹೊಸ ಪ್ಲಾಸ್ಟಿಕ್ ಸಾಕು, ಆದರೆ ಅದೂ ಮತ್ತೆ ಹಳತಾಗುತ್ತದೆಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ತೀರ್ಮಾನ ನಿಜಕ್ಕೂ ತೊಡಕಾಗುವುದು ಸಸ್ಪೆನ್ಷನ್ನಿನಲ್ಲಿ. ಈ ಕಾರಿನ ಮುಂದಿನ ಪ್ರತಿ ಚಕ್ರವನ್ನೂ ಕೆಳಗಡೆ ಎರಡು ತೋಳುಗಳು ಹಿಡಿದಿವೆ. ಅವುಗಳಲ್ಲಿ ಥ್ರಸ್ಟ್ ಆರ್ಮ್ ಎಂಬ ತೋಳಿನ ತುದಿಯ ಬುಷ್‌ನೊಳಗೆ, ಎಂದರೆ ತೋಳನ್ನು ಕಾರಿನ ಮೈಗೆ ಜೋಡಿಸುವ ಮೆತ್ತನೆಯ ಉರುಳೆಯೊಳಗೆ, ರಬ್ಬರಿನ ಜೊತೆಗೆ ದ್ರವವೂ ತುಂಬಿರುತ್ತದೆ. ರಸ್ತೆಯ ಸಣ್ಣ ನಡುಕವನ್ನು ನುಂಗುವುದು ಆ ದ್ರವದ ಕೆಲಸ. ಬುಷ್ ಬಿರುಕು ಬಿಟ್ಟು ದ್ರವ ಸೋರಿಹೋದ ಮೇಲೆ, ಗಂಟೆಗೆ 80ರಿಂದ 100 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಕೈಯಲ್ಲಿ ಅದುರತೊಡಗುತ್ತದೆ. ಬ್ರೇಕ್ ಡಿಸ್ಕ್ ಸೊಟ್ಟಗಾಗಿದೆ ಎಂದು ಡಿಸ್ಕನ್ನೇ ಬದಲಿಸಿ, ಅದುರುವುದು ನಿಲ್ಲದೆ ತಲೆ ಕೆಡಿಸಿಕೊಳ್ಳುವವರು ಬಹಳ ಮಂದಿ. ಕಾರನ್ನು ಎತ್ತಿ ಟಾರ್ಚ್ ಹಿಡಿದು ನೋಡಿದರೆ ಬುಷ್‌ನ ಸುತ್ತ ಎಣ್ಣೆ ಮೆತ್ತಿದ ಕಪ್ಪು ಮಣ್ಣು ಕಾಣುತ್ತದೆ. ರೋಗ ಯಾವುದೆಂದು ಹೇಳಲು ಅಷ್ಟೇ ಸಾಕು.

ಇಲ್ಲಿ ಹಲವರು ಪಾಲಿಯುರಿಥೇನ್ ಎಂಬ ಗಡುಸು ಪ್ಲಾಸ್ಟಿಕ್ಕಿನ ಬುಷ್ ಹಾಕಿಬಿಡುತ್ತಾರೆ. ಅದು ಬೇಗ ಹರಿಯುವುದಿಲ್ಲ, ಸ್ಟಿಯರಿಂಗಿಗೆ ಸ್ವಲ್ಪ ಬಿಗಿಯೂ ಬರುತ್ತದೆ. ಆದರೆ ದ್ರವ ನುಂಗುತ್ತಿದ್ದ ನಡುಕವೆಲ್ಲ ಆಗ ನೇರವಾಗಿ ಕಾರಿನ ಮೈಗೆ ತಲುಪುತ್ತದೆ, ಒಳಗೆ ಕುಳಿತವರಿಗೆ ಪ್ರತಿಯೊಂದು ಹಳ್ಳದ ಲೆಕ್ಕವೂ ಸಿಗುತ್ತದೆ. ಈ ಕಾರನ್ನು ಉದ್ದದ ದಾರಿಯಲ್ಲಿ ದಣಿವಿಲ್ಲದೆ ಓಡಲೆಂದು ರೂಪಿಸಿದವರು ದ್ರವದ ಬುಷ್ ಇಟ್ಟಿದ್ದು ಸುಮ್ಮನೆ ಅಲ್ಲ. ನಾನು ದ್ರವ ತುಂಬಿದ ಮೂಲ ಬಗೆಯ ಬುಷ್‌ಗಳನ್ನೇ ಹಾಕಿಸಿದೆ. ಆಯಸ್ಸು ಕಡಿಮೆ ಎಂಬುದು ಗೊತ್ತಿದ್ದೇ ಹಾಕಿಸಿದ್ದು.

ಯಾವ ಬುಷ್ ಎಂಬುದಕ್ಕಿಂತ ಅದನ್ನು ಹೇಗೆ ಬಿಗಿಸುತ್ತಾರೆ ಎಂಬುದು ಮುಖ್ಯ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಇಂಥ ಬುಷ್‌ಗಳಲ್ಲಿ ರಬ್ಬರು ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ತೋಳು ಮೇಲೆ ಕೆಳಗೆ ಆಡುವಾಗ ರಬ್ಬರು ತಿರುಚಿಕೊಂಡು ಮತ್ತೆ ಸಡಿಲಗೊಳ್ಳುತ್ತದೆ. ಕಾರು ಲಿಫ್ಟಿನ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿ ಉಳಿದು, ಬಹಳ ಬೇಗ ಹರಿಯುತ್ತದೆ. ಕಂಪನಿಯ ಕೈಪಿಡಿ ಇದಕ್ಕೊಂದು ಪದ್ಧತಿಯನ್ನೇ ಹೇಳುತ್ತದೆ. ಮುಂದಿನ ಎರಡು ಸೀಟುಗಳ ಮೇಲೂ ಹಿಂದಿನ ಸೀಟಿನ ನಡುವೆಯೂ 68 ಕಿಲೋ ತೂಕವಿಟ್ಟು, ಡಿಕ್ಕಿಯಲ್ಲಿಯೂ ಒಂದಷ್ಟು ತೂಕ ಹೇರಿ, ಟ್ಯಾಂಕ್ ತುಂಬಿಸಿ, ಆ ಎತ್ತರದಲ್ಲಿ ಬೋಲ್ಟುಗಳನ್ನು ಬಿಗಿಯಬೇಕು. ಮೂಟೆಗಳನ್ನು ಹೊತ್ತು ಸೀಟಿನ ಮೇಲಿಡುವಾಗ ನೋಡುವವರಿಗೆ ನಗು ಬರಬಹುದು. ಬುಷ್‌ಗಳ ಗುಣಮಟ್ಟವನ್ನು ದೂರುವವರಲ್ಲಿ ಈ ಕೆಲಸ ಮಾಡಿದವರನ್ನು ನಾನಂತೂ ಕಂಡಿಲ್ಲ.

ಸ್ಟಿಯರಿಂಗಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ವಿ8 ಎಂಜಿನಿಗೆ ಜಾಗ ಮಾಡಿಕೊಡಲು ಈ ಕಾರಿನಲ್ಲಿ ಹಳೆಯ ಕಾಲದ ಸ್ಟಿಯರಿಂಗ್ ಬಾಕ್ಸ್ ಉಳಿಸಿಕೊಂಡರು. ಆರು ಸಿಲಿಂಡರಿನ ಇ39ಗಳಿಗೆ ಹಲ್ಲಿನ ಸರಳಿನಿಂದ ಚಕ್ರಗಳನ್ನು ನೇರವಾಗಿ ತಿರುಗಿಸುವ ರ್‍ಯಾಕ್ ಸಿಕ್ಕಿತು. ಆದ್ದರಿಂದ ಸ್ಟಿಯರಿಂಗ್ ನೇರಕ್ಕಿರುವಾಗ ಒಂದಿಷ್ಟು ಮಂಕು ಇದ್ದೇ ಇರುತ್ತದೆ. ಬಾಕ್ಸಿನ ಮೇಲಿನ ಸ್ಕ್ರೂ ತಿರುಗಿಸಿ ಅದನ್ನು ಹೋಗಲಾಡಿಸಲು ಹೊರಟರೆ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವುದೇ ನಿಲ್ಲಬಹುದು. ಸೆಂಟರ್ ಲಿಂಕ್, ಟೈ ರಾಡ್, ಐಡ್ಲರ್ ಆರ್ಮಿನ ಬುಷ್, ಹೀಗೆ ಬಾಕ್ಸನ್ನು ಚಕ್ರಗಳಿಗೆ ಜೋಡಿಸುವ ಭಾಗಗಳನ್ನು ಹೊಸದು ಮಾಡಿದ ಮೇಲೆ ಉಳಿಯುವ ಮಂಕನ್ನು ಒಪ್ಪಿಕೊಳ್ಳುವುದೇ ಮೇಲು.

ಎಂಜಿನಿಗೆ ಬಂದರೆ ನಾನು ಬಹುಮಟ್ಟಿಗೆ ಸಂಪ್ರದಾಯವಾದಿ. 11:1ರ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯನ್ನು ಹಿಂಡುವ ಪ್ರಮಾಣ), ಪ್ರತಿ ಸಿಲಿಂಡರಿಗೂ ಥ್ರಾಟಲ್, ಎರಡೂ ಬದಿಯಲ್ಲಿ ಡಬಲ್ ವ್ಯಾನೋಸ್ ಎಂಬ ವಾಲ್ವ್ ಸಮಯ ಹೊಂದಿಸುವ ವ್ಯವಸ್ಥೆ, ಇಷ್ಟನ್ನೂ ಕಾರ್ಖಾನೆಯಲ್ಲಿಯೇ ಪಡೆದು ಬಂದ ಎಂಜಿನಿನಿಂದ ಏರ್ ಫಿಲ್ಟರ್ ಬದಲಿಸಿ ಇನ್ನಷ್ಟು ಹಿಂಡುತ್ತೇನೆ ಎನ್ನುವುದು ಆಸೆಯ ಮಾತು. ತೆರೆದ ಫಿಲ್ಟರ್ ಹಾಕಿದರೆ ಗರ್ಜನೆ ಹೆಚ್ಚುವುದು ನಿಜ, ಆದರೆ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಂಜಿನ್ ಎಳೆದುಕೊಂಡರೆ ಶಕ್ತಿ ಹೆಚ್ಚುವ ಬದಲು ತಗ್ಗುತ್ತದೆ. ಟರ್ಬೊ ಕಾರುಗಳಲ್ಲಿ ಸಾಫ್ಟ್‌ವೇರ್ ಬದಲಿಸಿದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿ ದೊಡ್ಡ ಲಾಭ ಸಿಗುತ್ತದೆ. ಅದೇ ಕಾಲದ ಆಡಿ ಎಸ್4ರ 2.7 ಲೀಟರ್ ಜೋಡಿ ಟರ್ಬೊ ಎಂಜಿನ್ ಇಟ್ಟುಕೊಂಡವರು ಅದನ್ನು ಚೆನ್ನಾಗಿ ಬಲ್ಲರು. ಟರ್ಬೊ ಇಲ್ಲದ ಎಂಜಿನಿನಲ್ಲಿ ಸಾಫ್ಟ್‌ವೇರ್ ಏರಿಸುವುದಕ್ಕೆ ಬೂಸ್ಟ್ ಎಂಬುದೇ ಇಲ್ಲ.

ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು ಬೇರೆ ಮಾತು. ವ್ಯಾನೋಸ್ ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದರ ಸೊಲೆನಾಯ್ಡ್‌ಗಳ, ಎಂದರೆ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟಗಳ, ಓ ರಿಂಗ್ ಎಂಬ ರಬ್ಬರ್ ಸೀಲುಗಳು ವಯಸ್ಸಾದಂತೆ ಗಡುಸಾಗಿ ಒತ್ತಡ ಸೋರುತ್ತದೆ, ಕೆಳಗಿನ ವೇಗದಲ್ಲಿ ಎಳೆತ ಸಡಿಲವಾಗುತ್ತದೆ, ತಣ್ಣಗಿನ ಎಂಜಿನನ್ನು ಶುರು ಮಾಡಿದಾಗ ಡಬ್ಬಿಯಲ್ಲಿ ಗೋಲಿ ಅಲುಗಿಸಿದಂತೆ ಕಡಕಡ ಸದ್ದು ಕೇಳುತ್ತದೆ. ಎಂಜಿನಿಗೆ ಹೋಗುವ ಗಾಳಿಯನ್ನು ಅಳೆಯುವ ಎರಡು ಏರ್ ಮಾಸ್ ಸೆನ್ಸರುಗಳೂ ಹೀಗೆಯೇ ನಿಧಾನವಾಗಿ ಸುಳ್ಳು ಹೇಳತೊಡಗುತ್ತವೆ. ಕಾರು ಕೆಟ್ಟಿದೆ ಎಂದು ಅನ್ನಿಸುವುದೇ ಇಲ್ಲ, ಹಿಂದೊಮ್ಮೆ ಇಷ್ಟು ಮಂದವಿರಲಿಲ್ಲವಲ್ಲ ಎನ್ನಿಸುತ್ತದೆ, ಅಷ್ಟೆ. ಸೊಲೆನಾಯ್ಡ್‌ಗಳಿಗೆ ಹೊಸ ಸೀಲು, ಎರಡೂ ಕಡೆಗೆ ಹೊಸ ಸೆನ್ಸರು ಹಾಕಿದ ಮೇಲೆ ಕಾರು 3,000 ಆರ್‌ಪಿಎಂನಿಂದ ಮೇಲಕ್ಕೆ ಎಳೆಯುವ ರೀತಿಯೇ ಬದಲಾಯಿತು. ಯಾವ ಹೊಸ ಸಾಫ್ಟ್‌ವೇರೂ ನನಗೆ ಅಷ್ಟು ಕೊಡುತ್ತಿರಲಿಲ್ಲ.

ಎಣ್ಣೆಯಲ್ಲಂತೂ ಪ್ರಯೋಗ ಬೇಡ. ಕಂಪನಿ ನಂತರದಲ್ಲಿ ಈ ಎಂಜಿನಿಗೆ ಹೇಳಿದ್ದು 10ಡಬ್ಲ್ಯು-60 ದರ್ಜೆಯದು, ಹಿಡಿಯುವುದು 6.5 ಲೀಟರು. ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಹಳದಿ ದೀಪಗಳ ಸಾಲೊಂದಿದೆ; ಎಣ್ಣೆ ಬಿಸಿಯಾದಂತೆ ಅವು ಒಂದೊಂದಾಗಿ ಆರಿ, ಎಂಜಿನನ್ನು ಎಲ್ಲಿಯವರೆಗೆ ಏರಿಸಬಹುದೆಂದು ತೋರಿಸುತ್ತವೆ. ಈ ಕಾರಿನಲ್ಲಿ ನನಗೆ ಅತಿ ಮೆಚ್ಚಿನ ಸಲಕರಣೆ ಅದು. ಅದನ್ನು ಲೆಕ್ಕಿಸದೆ ತಣ್ಣಗಿನ ಎಂಜಿನನ್ನು 7,000ಕ್ಕೆ ಏರಿಸುವವರ ಕೈಗೆ ಇಂಥ ಕಾರು ಸಿಗದಿರಲಿ.

ಕಾರ್ಖಾನೆಯ ಮಾತನ್ನು ಮೀರಿ ನಾನು ಖುಷಿಯಿಂದ ಮಾಡಿಸಿದ ಬದಲಾವಣೆಯೂ ಒಂದಿದೆ. ಕ್ಲಚ್ಚಿನ ಹೈಡ್ರಾಲಿಕ್ ಕೊಳವೆಯ ದಾರಿಯಲ್ಲಿ, ದ್ರವ ಹಿಂದಿರುಗುವ ವೇಗವನ್ನು ತಗ್ಗಿಸುವ ಕಿರಿದಾದ ವಾಲ್ವೊಂದು ಇರುತ್ತದೆ. ಯಾರಾದರೂ ಪೆಡಲನ್ನು ಥಟ್ಟನೆ ಬಿಟ್ಟರೂ ಗೇರ್‌ಬಾಕ್ಸಿಗೆ ಪೆಟ್ಟು ಬೀಳದಿರಲಿ ಎಂಬುದು ಅದರ ಉದ್ದೇಶ. ಆದರೆ ಕ್ಲಚ್ಚನ್ನು ಹದವಾಗಿ ಬಿಡಲು ಬಲ್ಲವರ ಕಾಲಿಗೂ ಕ್ಲಚ್ಚು ಹಿಡಿಯುವುದಕ್ಕೂ ನಡುವೆ ಅದು ಒಂದು ವಿಳಂಬವನ್ನು ತಂದಿಡುತ್ತದೆ. ಮೊದಲಿನಿಂದ ಎರಡನೆಯ ಗೇರಿಗೆ ಹೋಗುವಾಗ ಕಾರು ತೂಗಾಡುವುದು ಬಹುಪಾಲು ಇದರಿಂದಲೇ. ವಾಲ್ವನ್ನು ತೆಗೆಸಿ, ಹೊಸ ದ್ರವ ತುಂಬಿಸಿ ಗಾಳಿ ಹೊರಡಿಸಿದ ಮೇಲೆ ಪೆಡಲಿನ ನಡವಳಿಕೆ ಪ್ರಾಮಾಣಿಕವಾಯಿತು. ಇಷ್ಟು ಸಣ್ಣ ಕೆಲಸದಿಂದ ಇಷ್ಟು ಫಲ ಕೊಡುವ ಬದಲಾವಣೆ ಈ ಕಾರಿನಲ್ಲಿ ಇನ್ನೊಂದಿಲ್ಲ.

ಬ್ರೇಕಿನಲ್ಲಿಯೂ ಸ್ವಲ್ಪ ಮುಂದೆ ಹೋಗಿದ್ದೇನೆ. ಮುಂದೆ 345 ಮಿಲಿಮೀಟರ್, ಹಿಂದೆ 328 ಮಿಲಿಮೀಟರ್ ಡಿಸ್ಕುಗಳಿದ್ದರೂ ಅವನ್ನು ಅದುಮಿ ಹಿಡಿಯುವ ಕ್ಯಾಲಿಪರುಗಳು ಒಂದೇ ಪಿಸ್ಟನ್ನಿನವು. ದೊಡ್ಡ ಕ್ಯಾಲಿಪರಿನ ಆಸೆಯನ್ನು ಬದಿಗಿಟ್ಟು ಉಬ್ಬಿದ್ದ ರಬ್ಬರ್ ಹೋಸುಗಳ ಜಾಗಕ್ಕೆ ಉಕ್ಕಿನ ಹೆಣಿಗೆಯವನ್ನು, ಜೊತೆಗೆ ಬಿಸಿ ತಾಳುವ ಪ್ಯಾಡುಗಳನ್ನು ಹಾಕಿಸಿದೆ. ರಸ್ತೆಗೆ ಅಷ್ಟು ಸಾಕಾಗಿದೆ.

ಚಕ್ರ ಬದಲಿಸಲು ಹೊರಟವರು ಒಂದು ಅಳತೆಯನ್ನು ನೆನಪಿನಲ್ಲಿಡಬೇಕು. ಆ ಕಾಲದ ಉಳಿದ ಬಹುತೇಕ ಬಿಎಂಡಬ್ಲ್ಯುಗಳ ಚಕ್ರದ ನಡುವಿನ ರಂಧ್ರ 72.6 ಮಿಲಿಮೀಟರ್, ಇ39ರದು ಮಾತ್ರ 74.1. ಐದು ಬೋಲ್ಟುಗಳು 120 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿಯೇ (5x120) ಇರುವುದರಿಂದ ಬೇರೆ ಮಾದರಿಯ ಚಕ್ರ ಕೂರುವಂತೆ ಕಂಡರೂ ಚಕ್ರವನ್ನು ಹೊರುವ ಹಬ್ ಎಂಬ ಭಾಗದ ಮೇಲೆ ಅದು ಇಳಿಯುವುದಿಲ್ಲ. ನಾನು ಮೂಲದ 18 ಇಂಚಿನ ಚಕ್ರಗಳನ್ನೇ ಉಳಿಸಿಕೊಂಡಿದ್ದೇನೆ. ಮುಂದೆ 245/40, ಹಿಂದೆ 275/35 ಅಳತೆಯ ಟೈರುಗಳಿಗೆ ಅವು ಸರಿಯಾಗಿವೆ, ನೋಡಲೂ ಅವಕ್ಕಿಂತ ಚೆಂದದವು ನನಗೆ ಸಿಕ್ಕಿಲ್ಲ.

ಇನ್ನು ಉಳಿದಿರುವುದು ಸ್ಪ್ರಿಂಗಿನ ಕುಪ್ಪಳಿಕೆಯನ್ನು ತಡೆಯುವ ಡ್ಯಾಂಪರುಗಳ ತೀರ್ಮಾನ. ಹಿಂದಿನವು ಸೋರತೊಡಗಿವೆ. ಎತ್ತರ ಹೊಂದಿಸಬಹುದಾದ ಕಾಯಿಲ್ ಓವರ್ (ಸ್ಪ್ರಿಂಗು, ಡ್ಯಾಂಪರು ಒಟ್ಟಾಗಿರುವ ಜೋಡಣೆ) ಹಾಕಿಸಿದರೆ ಕಾರು ತಗ್ಗಿ ನೋಡಲು ಸೊಗಸಾಗುತ್ತದೆ, ಆದರೆ ಸಸ್ಪೆನ್ಷನ್ ಆಡುವ ಅಂತರ ಕಡಿಮೆಯಾಗುತ್ತದೆ, ಆಮೇಲೆ ಎತ್ತರಕ್ಕೆ ತಕ್ಕಂತೆ ಬುಷ್‌ಗಳನ್ನೆಲ್ಲ ಸಡಿಲಿಸಿ ಮತ್ತೆ ಬಿಗಿಯಬೇಕಾಗುತ್ತದೆ. ಮೂಲದ ಸ್ಪ್ರಿಂಗುಗಳನ್ನೇ ಇಟ್ಟು, ಅದೇ ಎತ್ತರಕ್ಕೆ ಹೊಂದುವ ಸ್ವಲ್ಪ ಬಿಗಿಯಾದ ಬಿಲ್‌ಸ್ಟೀನ್ ಡ್ಯಾಂಪರುಗಳ ಕಡೆಗೆ ನನ್ನ ಮನಸ್ಸು ವಾಲಿದೆ. ಡ್ಯಾಂಪರಿನ ಜೊತೆಗೆ ಮೇಲಿನ ಮೌಂಟು, ಬಂಪ್ ಸ್ಟಾಪು, ಧೂಳಿನ ಕವಚ, ಇವೂ ಹೊಸದಾಗಬೇಕು. ಅವುಗಳ ಪಟ್ಟಿ ಮಾಡಿದ್ದೇನೆ, ಭಾಗಗಳು ಬಂದೊಡನೆ ಹಿಂದಿನ ಜೋಡಿಯಿಂದ ಕೆಲಸ ಶುರು ಮಾಡುವವನಿದ್ದೇನೆ.