ಎಲ್ಲರಿಗೂ ಒಂದೇ ವೋಟು, ಉತಾರ ಮಾತ್ರ ಕೆಲವರಿಗೆ

“ಸರ, ಎಲ್ಲಾರಿಗೂ ಒಂದ ವೋಟು. ಎಣಿಸಿದ್ರ ಬಡವರ ವೋಟ ಹೆಚ್ಚ ಅದಾವ. ಆದ್ರೂ ಬಡವರು ಯಾಕ ಬಡವರಾಗೇ ಉಳದಾರ?”

ವಿಜಯಪುರದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಕಾಲೇಜಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎದುರಾಗುವ ಪ್ರಶ್ನೆ ಇದು. ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: ರಾಜಕಾರಣಿಗಳು ತಿಂದರು, ಇಲ್ಲವೇ ಜನ ಸೋಮಾರಿಗಳಾದರು. ಈ ಎರಡರಿಂದಲೂ ನನಗೆ ಸಮಾಧಾನವಿಲ್ಲ. ನಾನು ಕಂಡಂತೆ ಸರ್ಕಾರದ ದೊಡ್ಡ ಸವಲತ್ತುಗಳೆಲ್ಲ ಉತಾರ, ಅಂದರೆ ಹೊಲದ ಪಹಣಿ, ನೋಡಿಕೊಂಡು ಬರುತ್ತವೆ. ಉತಾರದಲ್ಲಿ ಹೆಸರಿದ್ದವನಿಗೆ ಬೆಳೆಸಾಲ, ನೀರು, ಪರಿಹಾರ, ಬೆಂಬಲ ಬೆಲೆ. ಹೆಸರಿಲ್ಲದವನ ಕೈಯಲ್ಲಿ ಉಳಿಯುವುದು ವೋಟಿನ ಚೀಟಿ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟನ್ನೇ ತಗೊಳ್ಳಿ. 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ನೀರು 519.6 ಮೀಟರಿಗೆ ನಿಲ್ಲುವಾಗ ನದಿದಂಡೆಯ ಹಳ್ಳಿಗಳು ಮುಳುಗಿದವು, ಹಳೇ ಬಾಗಲಕೋಟೆಯ ಭಾಗಗಳು ಮುಳುಗಿದವು, ನವನಗರ ಎದ್ದಿತು. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ ಪ್ರಕಾರ ಪರಿಹಾರ ಹೊಲದ ಮಾಲೀಕನಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು, ವರ್ಷದ ಕಾಳು ಗಳಿಸುತ್ತಿದ್ದ ಹೆಣ್ಣುಮಗಳ ದುಡಿಮೆಯೂ ಮುಳುಗಿತ್ತು. ಮನೆ ಹೋದದ್ದಕ್ಕೆ ಲೆಕ್ಕವಿತ್ತು, ಕೆಲಸ ಹೋದದ್ದಕ್ಕೆ ಇರಲಿಲ್ಲ.

ಆಮೇಲೆ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ನೀರು ಬಂತು. ಬರದಲ್ಲಿ ಬೆಂದ ನಮ್ಮ ಜಿಲ್ಲೆಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಆ ನೀರು ಇನ್ನೂ ಹೆಚ್ಚು ಹೊಲಗಳಿಗೆ ಹರಿಯಲೆಂದೇ ನನ್ನ ಹಾರೈಕೆ. ಆದರೆ ಎಲ್ಲರ ತೆರಿಗೆ ಹಣದಲ್ಲಿ ಬಂದ ನೀರು ಹತ್ತು ಎಕರೆಯವನಿಗೆ ಹತ್ತು ಪಾಲಾಯಿತು, ಎರಡು ಎಕರೆಯವನಿಗೆ ಎರಡು, ಹೊಲವೇ ಇಲ್ಲದವನಿಗೆ ಸೊನ್ನೆ. ಕೂಲಿ ಸ್ವಲ್ಪ ಹೆಚ್ಚಿತು, ನಿಜ. ಹೊಲದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಏರಿ, ಕೂಲಿಕಾರನಿಗೆ ಒಂದೆಕರೆ ಕೊಳ್ಳುವ ಆಸೆಯೂ ಇಲ್ಲದಂತಾಯಿತು. ಯಾರೂ ಯಾರ ಗಂಟನ್ನೂ ಕದಿಯದೆ ಅಂತರ ಬೆಳೆಯುವುದು ಹೀಗೆ.

ಉತಾರದಲ್ಲಿ ಕೆಲವರ ಹೆಸರಷ್ಟೇ ಯಾಕಿದೆ ಎಂದು ಕೇಳಿದರೆ ಜಾತಿಯ ಮಾತು ಬರಲೇಬೇಕು. ದೇವರಾಜ ಅರಸರ ಸರ್ಕಾರ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದು ಮಾಡಿ ಉಳುವವನನ್ನು ಒಡೆಯನನ್ನಾಗಿಸಿತು. ವೋಟಿನ ಬಲದಿಂದಲೇ ಆಸ್ತಿ ಕೈ ಬದಲಾದ ಅಪರೂಪದ ಗಳಿಗೆ ಅದು, ನನಗೆ ಅದರ ಮೇಲೆ ಅಪಾರ ಗೌರವ. ಆದರೆ ಅರ್ಜಿ ಹಾಕಲು ಗೇಣಿದಾರನಾಗಿರಬೇಕಿತ್ತು. ಪೀಳಿಗೆಗಳಿಂದ ಬರೀ ಕೂಲಿ ಮಾಡಿದ್ದ ಎಷ್ಟೋ ದಲಿತ ಕುಟುಂಬಗಳಿಗೆ ಗೇಣಿಗೂ ಹೊಲ ಸಿಕ್ಕಿರಲಿಲ್ಲ, ಹಾಗಾಗಿ ಸುಧಾರಣೆಯೂ ಅವರ ಬಾಗಿಲಿಗೆ ಬರಲಿಲ್ಲ. ಹೆಣ್ಣುಮಕ್ಕಳದ್ದೂ ಇದೇ ಪಾಡು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ, ಊರಲ್ಲಿ ಮಾತ್ರ ಅಕ್ಕ-ತಂಗಿಯರು ತವರಿನ ಬಾಂಧವ್ಯ ಉಳಿಯಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಲೇ ಇದ್ದಾರೆ.

ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುವ ವೈರುಧ್ಯಕ್ಕೆ ಕಾಲಿಡುತ್ತಿದ್ದೇವೆ, ಬೇಗ ಸರಿಪಡಿಸದಿದ್ದರೆ ನೊಂದವರು ಈ ಪ್ರಜಾಪ್ರಭುತ್ವವನ್ನೇ ಸ್ಫೋಟಿಸಿಯಾರು ಎಂದಿದ್ದರು.

ಮೇಲಿನ ತುದಿಯಲ್ಲಿ ಏನಾಗಿದೆ ನೋಡಿ. ಅಸಮಾನತೆಯ ಅಧ್ಯಯನ ಮಾಡುವ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬಿನ ಅಂದಾಜಿನಂತೆ 2022-23ರಲ್ಲಿ ದೇಶದ ಸಂಪತ್ತಿನ 40.1 ಶೇಕಡಾ ಪಾಲು ಮೇಲಿನ ನೂರರಲ್ಲೊಬ್ಬರ ಬಳಿ ಇತ್ತು. ಪಿತ್ರಾರ್ಜಿತ ಆಸ್ತಿಗೆ 1953ರಲ್ಲಿ ತಂದ ತೆರಿಗೆಯನ್ನು 1985ರಲ್ಲಿ ತೆಗೆದರು, ಸಂಪತ್ತಿನ ತೆರಿಗೆಯನ್ನು 2015ರಲ್ಲಿ. ಕೋಟಿಗಟ್ಟಲೆ ಆಸ್ತಿ ತೆರಿಗೆಯಿಲ್ಲದೆ ಅಪ್ಪನಿಂದ ಮಗನಿಗೆ ಹೋಗುತ್ತದೆ, ತಾಂಡಾದ ತಾಯಿ ಮಾತ್ರ ಸಾಬೂನು ಕೊಂಡಾಗಲೂ ಜಿಎಸ್‌ಟಿ ಕಟ್ಟುತ್ತಾಳೆ. ಅತಿ ದೊಡ್ಡ ಆಸ್ತಿಗಳಿಗಷ್ಟೇ ಆ ತೆರಿಗೆ ಮರಳಬೇಕು ಎಂದು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಆ ಹಣ ಯಾವುದಕ್ಕೆ? ಉತಾರ ಕೇಳದ ಸೌಲಭ್ಯಗಳಿಗೆ. ಶಾಲೆಯ ಬಿಸಿಯೂಟವನ್ನು ರಾಜ್ಯ 2002ರಲ್ಲಿ ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ನಮ್ಮ ಬಿಜಾಪುರವೂ ಬಾಗಲಕೋಟೆಯೂ ಇದ್ದವು. ತಟ್ಟೆ ಹಿಡಿದ ಮಗುವಿಗೆ “ನಿಮ್ಮಪ್ಪಂದು ಎಷ್ಟ ಎಕರೆ” ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿತು, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಿತು. ಇಂಥವು ಜನರನ್ನು ಸೋಮಾರಿ ಮಾಡುತ್ತವೆ ಎನ್ನುವವರು, ಮುಂಗಡ ಪಡೆದು ಗುಳೆ ಹೋಗಿ ಕಬ್ಬಿನ ಗದ್ದೆಯಲ್ಲಿ ನಸುಕಿಗೇ ಕುಡಗೋಲು ಹಿಡಿಯುವ ಗಂಡ-ಹೆಂಡತಿಯನ್ನು ಒಮ್ಮೆ ನೋಡಬೇಕು. ಅವರ ಹಿಂದೆ ಹೋದ ಮಗುವಿಗೆ ಶಾಲೆಯೂ ತಪ್ಪುತ್ತದೆ, ಬಿಸಿಯೂಟವೂ ತಪ್ಪುತ್ತದೆ. ತಂದೆ-ತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ತಾಂಡಾಗಳ ಹತ್ತಿರ ವಸತಿ ನಿಲಯಗಳು ಬೇಕು. ಮಾಡಬೇಕಾದ್ದರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಎದುರಿಗಿದೆ. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಬೇಕಾಗುವ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಕೊಡಲು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಹೊಲ ಕಳೆದುಕೊಳ್ಳುವ ರೈತನಿಗೆ ಅದು ಸಲ್ಲಲೇಬೇಕು. ಈ ಸಲ ಕಾಯ್ದೆಯೂ ಹಳೆಯದಲ್ಲ. 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷ ಅಲ್ಲೇ ದುಡಿದು ಬದುಕಿದ ಭೂಹೀನ ಕೂಲಿಕಾರನ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ಅದರ ಎರಡನೇ ಅನುಸೂಚಿಯಲ್ಲಿ ಬಾಧಿತ ಕುಟುಂಬಕ್ಕೆ ಒಂದು ಉದ್ಯೋಗ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ 2,000 ರೂಪಾಯಿ ಎಂದು ಬರೆದಿದೆ. ಚಾವಡಿಯಲ್ಲಿ ಎಕರೆಯ ದರ ಎಲ್ಲರ ಬಾಯಲ್ಲಿದೆ, ಕೂಲಿಕಾರರ ಪಟ್ಟಿಯ ಸುದ್ದಿ ಕೇಳಿಸುವುದೇ ಅಪರೂಪ. ಮುಳುಗಡೆಯ ಊರಿನವರು ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿಸಿ ಕೇಳಬೇಕು. ಹೆಸರು ಬಿಟ್ಟುಹೋದವರ ಪರವಾಗಿ ರೇಷನ್ ಕಾರ್ಡು, ಜಾಬ್ ಕಾರ್ಡು ಮುಂದಿಡಬೇಕು. ಅವರನ್ನು ಹೊಲಕ್ಕೆ ಕರೆಯುತ್ತಿದ್ದ ರೈತರು ಎದ್ದು ನಿಂತು “ಹೌದು, ಇವರು ನಮ್ಮ ಹೊಲದಾಗ ದುಡದಾರ” ಎಂದು ಬರೆಸಬೇಕು. ಇದೆಲ್ಲ ಪರಿಹಾರ ಹಂಚುವ ಮೊದಲೇ ಆಗಬೇಕು.