ಬ್ರೇಕ್ ಹೆಂಗೆ ಹಿಡೀತೀಯ?

"ಕೈ ಹಿಂಗೆ ನಡುಗ್ತಾವಲ್ಲಪ್ಪ, ಬ್ರೇಕ್ ಹೆಂಗೆ ಹಿಡೀತೀಯ?"

ಭಾನುವಾರ ಬೆಳಗಿನ ಜಾವ, ಯಡಿಯೂರಿನ ಹತ್ತಿರದ ಟೀ ಅಂಗಡಿಯ ಅಮ್ಮ ಕೇಳಿದ ಮಾತಿದು. ಇವತ್ತು ಗುರುವಾರ. ಆಫೀಸಿಗೆ ಹೋಗುವಾಗ, ಸ್ನಾನ ಮಾಡುವಾಗ, ಸುಮ್ನೆ ಕೂತಾಗ ಕೂಡ ಅದೇ ಕೇಳಿಸುತ್ತಿದೆ.

ಚನ್ನರಾಯಪಟ್ಟಣದ ಹತ್ತಿರ ನಮ್ಮ ಸೋದರತ್ತೆಯ ಊರು. "ಅವರೆಕಾಯಿ ಒಳ್ಳೆ ಸೊಗಡು ಬಂದೈತೆ, ಬಂದು ಹೋಗೋ" ಅಂತ ಫೋನ್ ಮಾಡಿದ್ದರು. ಬಸ್ಸಿದೆ, ರೈಲಿದೆ. ಆದರೆ ನನ್ನ ಹತ್ತಿರ ಹೊಸ ಜಾಕೆಟ್ ಇತ್ತಲ್ಲ! ಒಂಬತ್ತು ಸಾವಿರ ಕೊಟ್ಟಿದ್ದು. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಪ್ಯಾಡು. "ಸಖತ್ ಗಾಳಿ ಆಡುತ್ತೆ ಸರ್" ಅಂದಿದ್ದ ಅಂಗಡಿಯ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ. ಅದು ಜಾಲರಿ ಜಾಕೆಟ್, ಏಪ್ರಿಲ್‌ನಲ್ಲಿ ಬಳ್ಳಾರಿ ಕಡೆ ಹೋಗೋರಿಗೆ ಸರಿ. ಚಳಿಗೆ ಒಳಗೆ ಹಾಕಿಕೊಳ್ಳುವ ಲೈನಿಂಗೂ ಕೊಟ್ಟಿದ್ದರು. ಹಾಕಿಕೊಂಡರೆ ಹೊಟ್ಟೆ ದಪ್ಪ ಕಾಣುತ್ತೆ ಅಂತ ಬೀರುವಿನಲ್ಲೇ ಬಿಟ್ಟಿದ್ದೆ. ಕೈಗೆ ಅರ್ಧ ಬೆರಳಿನ ಗ್ಲೌಸು. ಅದೂ ಚೆಂದ ಕಾಣುತ್ತೆ ಅಂತಲೇ.

ನಾಲ್ಕೂವರೆಗೆ ಬೆಂಗಳೂರಿನಿಂದ ಬೈಕ್ ಹತ್ತಿ ಹೊರಟೆ. ಮೊಬೈಲು 14 ಡಿಗ್ರಿ ತೋರಿಸುತ್ತಿತ್ತು. 14 ಏನು ಮಹಾ ಅಂದುಕೊಂಡೆ. ನೆಲಮಂಗಲದ ಟೋಲಿನಲ್ಲಿ ಕಾರುಗಳು ಸಾಲುಗಟ್ಟಿರುವಾಗ ಬೈಕಿನವರಿಗೆ ಅಂತ ಬಿಟ್ಟ ಸಂದಿಯಲ್ಲಿ ದುಡ್ಡು ಕೊಡದೆ ನುಗ್ಗುವುದಿದೆಯಲ್ಲ, ಆ ಖುಷಿಯೇ ಬೇರೆ. ಅವತ್ತಿನ ಖುಷಿ ಅಲ್ಲಿಗೆ ಮುಗಿಯಿತು. ಸೋಲೂರು ದಾಟುವಷ್ಟರಲ್ಲಿ ಚಳಿ ಕುತ್ತಿಗೆಯಿಂದ ಇಳಿಯತೊಡಗಿತು. ಆಮೇಲೆ ಎದೆ, ಆಮೇಲೆ ಮಂಡಿ. ಬೆರಳುಗಳದ್ದು ಮಾತ್ರ ವಿಚಿತ್ರ. ಮೊದಲು ಉರಿದವು, ಆಮೇಲೆ ನೋವು, ಆಮೇಲೆ ಏನೂ ಇಲ್ಲ. ಏನೂ ಇಲ್ಲವಾದಾಗ "ಸದ್ಯ, ಒಗ್ಗಿಹೋಯ್ತು" ಅಂತ ಸಮಾಧಾನಪಟ್ಟುಕೊಂಡೆ ನೋಡಿ, ನನ್ನ ಬುದ್ಧಿಗಿಷ್ಟು.

ಕುಣಿಗಲ್ ದಾಟಿದ ಮೇಲೆ ಮಂಜು. ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ, ಬೆಳಕೆಲ್ಲ ವಾಪಸ್ ಕಣ್ಣಿಗೇ. ಲೋ ಬೀಮ್‌ಗೆ ಇಳಿಸಿದೆ. ಉಸಿರಿಗೆ ಹೆಲ್ಮೆಟ್ಟಿನ ಗಾಜು ಮಬ್ಬಾಗುತ್ತಿತ್ತು, ಒಂದು ಬೆರಳಷ್ಟು ತೆರೆದೆ. ಇಷ್ಟು ಬುದ್ಧಿ ಇತ್ತು. ಆಗ ಮುಂದೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್. ಹಿಂದೆ ಲೈಟಿಲ್ಲ. ಒಂದು ಮೊಳದ ಅಂತರದಲ್ಲಿ ಪಕ್ಕಕ್ಕೆ ಎಳೆದುಕೊಂಡು ಪಾರಾದೆ. ಮುಂದೆ ಹೋಗಿ ನಿಲ್ಲಿಸಿ, "ಲೈಟ್ ಹಾಕ್ಸೋಕೆ ಏನ್ ರೋಗ?" ಅಂತ ಕೂಗಿದೆ. ಕಂಬಳಿ ಹೊದ್ದಿದ್ದ ಡ್ರೈವರ್ ನನ್ನನ್ನು ಒಮ್ಮೆ ನೋಡಿ, ಏನೂ ಹೇಳದೆ ಹೋದ.

ಟೀ ಅಂಗಡಿ ಸಿಕ್ಕಿದ್ದು ಅದಾದ ಕಾಲು ಗಂಟೆಗೆ. ಬೈಕಿಗೆ ಸ್ಟ್ಯಾಂಡ್ ಹಾಕಿದೆ. ಹೆಲ್ಮೆಟ್ಟಿನ ಬಕಲ್ ಬಿಚ್ಚಲು ಹೋದೆ. ಆಗಲಿಲ್ಲ. ಬೆರಳು ಬಕಲ್ ಮೇಲಿದೆಯೋ ಗದ್ದದ ಮೇಲಿದೆಯೋ ಅದೇ ಗೊತ್ತಾಗುತ್ತಿಲ್ಲ. ಒಲೆ ಮುಂದಿದ್ದ ಅಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಚಿಕ್ಕ ಹುಡುಗನ ಅಂಗಿ ಗುಂಡಿ ಬಿಚ್ಚಿದ ಹಾಗೆ ಅವರೇ ಬಿಚ್ಚಿದರು. ನನಗೆ ನಲವತ್ತೊಂದು ವರ್ಷ. ಗ್ಲಾಸು ಕೊಟ್ಟರು. ಎರಡೂ ಕೈಯಲ್ಲಿ ಹಿಡಿದರೂ ಟೀ ತುಳುಕಿ ಅರ್ಧ ನೆಲಕ್ಕೆ. ಆಗ ಕೇಳಿದ್ದು.

"ಬ್ರೇಕ್ ಹೆಂಗೆ ಹಿಡೀತೀಯ?"

ನಕ್ಕೆ. ಅವರು ನಗಲಿಲ್ಲ. ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದರು.

ಉತ್ತರ ನನಗೆ ಹೊಳೆದಿದ್ದು ಊರು ತಲುಪಿದ ಮೇಲೆ. ಆ ಟ್ರ್ಯಾಕ್ಟರ್ ಹಿಂದೆ ಲೈಟಿರಲಿಲ್ಲ, ನಿಜ. ಆದರೆ ಕೆಂಪು ಸ್ಟಿಕ್ಕರ್ ಇತ್ತು. ದೂರದಿಂದಲೇ ಮಿನುಗಿದ್ದನ್ನು ನಾನು ನೋಡಿದ್ದೆ. ನೋಡಿ, ಬ್ರೇಕ್ ಹಿಡೀಬೇಕು ಅಂದುಕೊಂಡಿದ್ದೆ. ಬೆರಳು ಮಡಚಲಿಲ್ಲ ಅಷ್ಟೆ. ನಾಲ್ಕು ದಿನದಿಂದ ಆ ಕ್ಷಣವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ಪ್ರತಿ ಸಲವೂ ಸ್ಟಿಕ್ಕರ್ ಕಾಣುತ್ತದೆ, ಪ್ರತಿ ಸಲವೂ ಕೈ ತಡವಾಗುತ್ತದೆ. ಪಾಪ, ಆ ಮನುಷ್ಯನಿಗೆ ಸುಮ್ಮನೆ ಬೈದೆ. ಸುಮ್ಮನೆ ಅಂತೂ ಅಲ್ಲ, ಲೈಟ್ ಹಾಕಿಸಬೇಕಿತ್ತು. ಆದರೂ.

ಮೈ ತಣ್ಣಗಾದಾಗ ದೇಹ ಮೊದಲು ಹೃದಯ, ಶ್ವಾಸಕೋಶ ಉಳಿಸಿಕೊಳ್ಳಲು ನೋಡುತ್ತದಂತೆ. ಕೈಕಾಲಿನ ರಕ್ತನಾಳ ಬಿಗಿಯಾಗಿ ಅಲ್ಲಿಗೆ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ಬರೀ ಗ್ಲೌಸ್ ಹಾಕಿ ಎದೆ ತೆರೆದಿಟ್ಟರೂ ಬೆರಳು ಮರಗಟ್ಟುವುದೇ. ಗಾಳಿಯ ಲೆಕ್ಕ ನೋಡಿದರೆ ಇನ್ನೂ ಮಜಾ. 10 ಡಿಗ್ರಿ ಚಳಿಯಲ್ಲಿ 70 ಕಿಲೋಮೀಟರ್ ವೇಗದಲ್ಲಿ ಹೋದರೆ ಚರ್ಮಕ್ಕೆ 5 ಡಿಗ್ರಿಯ ಹಾಗೆ ತಾಗುತ್ತದೆ. ಬೆಂಗಳೂರಿನ ಅತಿ ಕಡಿಮೆ ತಾಪಮಾನದ ದಾಖಲೆ 1884ರ ಜನವರಿ 13ರದ್ದು, 7.8 ಡಿಗ್ರಿ. ಬೈಕ್ ಹತ್ತಿದವನು ಅದನ್ನೂ ಮೀರಿದ ಚಳಿ ಮೈಮೇಲೆ ಎಳೆದುಕೊಳ್ಳಬಹುದು, ದುಡ್ಡು ಕೊಟ್ಟು ಪೆಟ್ರೋಲ್ ಹಾಕಿಸಿ!

ಅಮ್ಮನಿಗೆ ಈ ಲೆಕ್ಕ ಬೇಕಿರಲಿಲ್ಲ. ಬೋಂಡ ಕಟ್ಟಲು ಇಟ್ಟಿದ್ದ ಹಳೇ ಪೇಪರ್ ತಂದು ಕೊಟ್ಟರು. ನಾನು ಅದನ್ನು ಬಿಡಿಸಿ ಓದತೊಡಗಿದೆ. "ಓದೋಕಲ್ಲಪ್ಪ, ಎದೆಗಿಟ್ಕೊ. ನಮ್ಮನೇವ್ರು ಲೂನಾದಲ್ಲಿ ಡೈರಿಗೆ ಹಾಲು ಹಾಕೋಕೆ ಹೋಗೋರು, ಹಿಂಗೇ ಇಟ್ಕೊಳೋರು." ಎರಡು ಪೇಪರ್ ಮಡಚಿ ಜಾಕೆಟ್ ಒಳಗೆ ತುರುಕಿದೆ. ಒಂದು ಪದರ ಪೇಪರು, ನಡುವೆ ಸಿಕ್ಕಿಕೊಂಡ ಬಿಸಿ ಗಾಳಿ, ಅಷ್ಟೇ ಅದರ ಗುಟ್ಟು. ಫ್ರಾನ್ಸಿನ ದೊಡ್ಡ ಸೈಕಲ್ ರೇಸಿನಲ್ಲೂ ಬೆಟ್ಟ ಇಳಿಯುವ ಮೊದಲು ಸವಾರರು ಅಂಗಿಯೊಳಗೆ ಪೇಪರ್ ತುರುಕಿಕೊಳ್ಳುತ್ತಿದ್ದರು. ಅಮ್ಮ ಕೈಗೆ ಹಾಕಿಕೊಳ್ಳಲು ಎರಡು ಹಾಲಿನ ಕವರು ಕೊಟ್ಟರು, ಅದರ ಮೇಲೆ ನನ್ನ ಚೆಂದದ ಗ್ಲೌಸು. ಪೇಪರಿಗೆ ಎಷ್ಟು ಅಂದರೆ ಒಂದು ಥರ ನೋಡಿದರು. ಟೀಗೆ ಮಾತ್ರ ಚಿಲ್ಲರೆ ಎಣಿಸಿ ತಗೊಂಡರು.

ಅರ್ಧ ಗಂಟೆ ಒಲೆ ಪಕ್ಕ ಕೂತಿದ್ದೆ. ಅಷ್ಟರಲ್ಲಿ ಎಕ್ಸೆಲ್‌ನಲ್ಲಿ ಸೊಪ್ಪಿನ ಮೂಟೆ ಹೇರಿಕೊಂಡು ಒಬ್ಬರು ಹೋದರು, ಹಾಲಿನ ಕ್ಯಾನ್ ಹಾಕಿಕೊಂಡು ಇನ್ನೊಬ್ಬರು. ಮಂಕಿ ಕ್ಯಾಪು, ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ಟವೆಲ್ಲು, ಸ್ವೆಟರ್ ಮೇಲೆ ರೇನ್‌ಕೋಟು. ನಮ್ಮ ಬೈಕ್ ಗೆಳೆಯರಿಗೆ ಇವರು ಅಂದರೆ ತಮಾಷೆ. ನಾನೂ ನಕ್ಕವನೇ. ಆದರೆ ಗಾಳಿ ನುಗ್ಗದ ಹಾಗೆ ಮೇಲೊಂದು ರೇನ್‌ಕೋಟ್, ಕುತ್ತಿಗೆ ಮುಚ್ಚಬೇಕು, ನಿಧಾನ ಹೋಗಬೇಕು ಅನ್ನುವುದನ್ನು ಅವರಿಗೆ ಯಾರೂ ಒಂಬತ್ತು ಸಾವಿರಕ್ಕೆ ಮಾರಿರಲಿಲ್ಲ. ಅವರ ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ, ಅದನ್ನು ನಾನು ಹೊಗಳಲಾರೆ. ಮಂಕಿ ಕ್ಯಾಪಿಗೆ ತಲೆ ಉಳಿಸುವ ಶಕ್ತಿ ಇಲ್ಲ.

ಅವರೆಕಾಳು ಸಾರು, ಮುದ್ದೆ ಚೆನ್ನಾಗಿತ್ತು. ಅದರ ಬಗ್ಗೆ ಬರೆಯುತ್ತಾ ಕೂತರೆ ಇದು ಮುಗಿಯಲ್ಲ.

ಸೋಮವಾರ ವಾಪಸ್ ಹೊರಟಿದ್ದು ಎಂಟೂವರೆಗೆ, ಬಿಸಿಲು ಬಂದ ಮೇಲೆ. ಮೇಲೆ ಮಾವನ ರೇನ್‌ಕೋಟು. ಊರಿಂದ ಮೇನ್ ರೋಡಿನವರೆಗೂ ರಸ್ತೆ ತುಂಬ ರಾಗಿ ಒಕ್ಕಣೆ. ರಾತ್ರಿಯ ಇಬ್ಬನಿಗೆ ಹುಲ್ಲು ಇನ್ನೂ ಒದ್ದೆ, ಅದರ ಮೇಲೆ ಬ್ರೇಕ್ ಹಾಕಿದರೆ ಸೋಪಿನ ಮೇಲೆ ಹಾಕಿದ ಹಾಗೆ. ಟಾರ್ಪಾಲು ಹಾರದ ಹಾಗೆ ಸುತ್ತ ಇಟ್ಟ ಕಲ್ಲುಗಳೂ ಅಲ್ಲೇ. ಭಾನುವಾರ ಮಂಜಿನಲ್ಲಿ ಇದೇ ದಾರಿಯಲ್ಲಿ ಬಂದಿದ್ದೆ. ಒಂದು ಕಲ್ಲೂ ಕಂಡಿರಲಿಲ್ಲ.

ನಿನ್ನೆ ರಾತ್ರಿ ನಮ್ಮ ಬೈಕ್ ಗ್ರೂಪಿನಲ್ಲಿ ಮೆಸೇಜ್: ಈ ಭಾನುವಾರ ನಂದಿ ಬೆಟ್ಟ, ನಾಲ್ಕು ಗಂಟೆಗೆ ಎಲ್ಲರೂ ಹೆಬ್ಬಾಳದಲ್ಲಿ ಸೇರೋದು. ನಾನು ನಡೆದಿದ್ದನ್ನೆಲ್ಲ ಟೈಪ್ ಮಾಡಿದೆ. ಟ್ರ್ಯಾಕ್ಟರ್, ಬಕಲ್, ಟೀ ಚೆಲ್ಲಿದ್ದು, ಆ ಅಮ್ಮ ಕೇಳಿದ್ದು, ಎಲ್ಲ. ಇಪ್ಪತ್ತಮೂರು ಜನ ಓದಿದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ:

"ಮಗಾ, ಜಾಕೆಟ್ ಯಾವ್ದು?"